ಚಿಕ್ಕ ಕೂಟಗಳ ಚರಿತ್ರೆ: ಹಲಸಂಗಿಯಿಂದ ಇಂದಿನವರೆಗೆ

ಗಡಿನಾಡಿನ ಸ್ಮರಣ ಸಂಚಿಕೆಗಳಲ್ಲಿ ಇತಿಹಾಸವೆಂದರೆ ಸಾಮಾನ್ಯವಾಗಿ ಆಯೋಗಗಳ ಇತಿಹಾಸ. 1948ರಲ್ಲಿ ಅಕ್ಕಲಕೋಟೆ ಮತ್ತು ಜತ್ತ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದು, 1956ರ ನವೆಂಬರ್ 1ರಂದು ವಿಜಾಪುರ, ಧಾರವಾಡ, ಬೆಳಗಾವಿ, ಕಾರವಾರ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದಾಗ ನಮ್ಮ ಸೊಲ್ಲಾಪುರ ಸೀಮೆ ಮುಂಬಯಿ ರಾಜ್ಯದಲ್ಲಿಯೇ ಉಳಿದದ್ದು, 1960ರಲ್ಲಿ ನಾವು ಮಹಾರಾಷ್ಟ್ರದವರಾದದ್ದು, 1967ರಲ್ಲಿ ಮಹಾಜನ ಆಯೋಗ ವರದಿ ಒಪ್ಪಿಸಿದ್ದು: ಇವೆಲ್ಲವನ್ನೂ ನಾವೇ ಇಂಥ ಸಂಚಿಕೆಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಬರೆದಿದ್ದೇವೆ. ಅವು ಮರೆಯತಕ್ಕ ಸಂಗತಿಗಳಲ್ಲ. ಆದರೆ ಎಪ್ಪತ್ತು ದಾಟಿದ ಈ ವಯಸ್ಸಿನಲ್ಲಿ ಹಿಂದಿರುಗಿ ನೋಡಿದಾಗ ನಮ್ಮನ್ನು ಕಾಡುವ ಪ್ರಶ್ನೆ ಬೇರೆ. ಆಯೋಗಗಳು ಬಂದು ಹೋದ ಮೇಲೆಯೂ ಈ ನೆಲದಲ್ಲಿ ಕನ್ನಡ ಉಳಿದದ್ದು ಯಾವುದರಿಂದ? ಅದು ಸೊರಗಿದ ಕಡೆ ಸೊರಗಿದ್ದು ಯಾವುದರಿಂದ?

ನಮಗೆ ತೋಚಿದ ಉತ್ತರ ಸಣ್ಣದು. ನಾಲ್ಕು ಜನ, ಎಂಟು ಜನ, ಹೆಚ್ಚೆಂದರೆ ಹನ್ನೆರಡು ಜನ ಒಂದೆಡೆ ಕೂತು, ಒಬ್ಬರ ಮಾತಿಗೆ ಒಬ್ಬರು ಉತ್ತರ ಕೊಡುತ್ತಾ ನಡೆಸಿದ ಕೂಟಗಳು ಇದ್ದಲ್ಲಿ ಭಾಷೆ ಉಸಿರಾಡಿದೆ. ಅಂಥ ಕೂಟಗಳು ಮುಗಿದಲ್ಲಿ, ಸಂಘದ ಕಟ್ಟಡ ಎಷ್ಟೇ ಎತ್ತರವಿದ್ದರೂ, ಒಳಗೆ ಮೌನ ಸೇರಿಕೊಂಡಿದೆ. ಈ ಲೇಖನ ಅಂಥ ಚಿಕ್ಕ ಕೂಟಗಳ ಚರಿತ್ರೆ. ಕೊನೆಯಲ್ಲಿ ನಾವೇ ಮಾಡಿದ ಒಂದು ತಪ್ಪಿನ ಒಪ್ಪಿಗೆಯೂ ಇದೆ.

ಸೊಲ್ಲಾಪುರದವರಿಗೆ ಇದರ ಮೊದಲ ಪಾಠವನ್ನು ದೂರದಿಂದ ತರಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದ, ದೇಗುಲಗಳನ್ನು ಕಟ್ಟಿಸಿದ ಕರ್ಮಯೋಗಿಗಳು. ಹದಿನೈದನೆಯ ಶತಮಾನದಲ್ಲಿ ಸಂಕಲನಗೊಂಡ ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಅವರನ್ನು ಹುಡುಕಿಕೊಂಡು ಬರುತ್ತಾರೆ, ಕೆರೆಯ ಕೆಲಸ ನಡೆದಿರುವಲ್ಲಿಯೇ ಇಬ್ಬರ ನಡುವೆ ವಾದ ಬೆಳೆಯುತ್ತದೆ. ಆ ಗ್ರಂಥದ ಬಂಧವೇ ಸಂವಾದ. ಒಬ್ಬರು ಒಂದು ಮಾತನ್ನಾಡುತ್ತಾರೆ, ಮತ್ತೊಬ್ಬರು ಅದನ್ನು ತಡೆದು ಕೇಳುತ್ತಾರೆ, ಮೊದಲಿನವರು ತಮ್ಮ ಮಾತನ್ನು ತಿದ್ದಿಕೊಳ್ಳುತ್ತಾರೆ. ಸಾವಿರ ಜನ ದುಡಿಯುವ ಕೆರೆಯ ದಂಡೆಯಲ್ಲಿ ಇಬ್ಬರು ಎದುರುಬದುರಾಗಿ ನಿಂತು ಆಡಿದ ಮಾತನ್ನು ಕನ್ನಡಿಗರು ಶತಮಾನಗಳ ಕಾಲ ಜೋಪಾನ ಮಾಡಿದರು ಎಂಬುದನ್ನು ನಾವು ಗಮನಿಸಬೇಕು.

ಈಚಿನ ಕಾಲಕ್ಕೆ ಬರೋಣ. ಧಾರವಾಡದಲ್ಲಿ 1890ರ ಜುಲೈ 20ರಂದು ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಸ್ಥಾಪನೆಯಾಯಿತು. ಮರಾಠಿಯ ಪ್ರಾಬಲ್ಯವಿದ್ದ ಮುಂಬಯಿ ಪ್ರಾಂತದಲ್ಲಿ ವಿದ್ಯಾವರ್ಧಕ ಸಂಘ ಕನ್ನಡಿಗರಿಗೆ ತಲೆಯ ಮೇಲಿನ ಸೂರಾಯಿತು. ಆದರೆ ಸೂರು ಇದ್ದರೆ ಸಾಲದು, ಒಳಗೆ ಒಲೆಯೂ ಉರಿಯಬೇಕು. 1920ರ ದಶಕದ ಆರಂಭದಲ್ಲಿ ಅದೇ ಧಾರವಾಡದಲ್ಲಿ ದ. ರಾ. ಬೇಂದ್ರೆಯವರ ಸುತ್ತ ಕೂಡಿದ ‘ಗೆಳೆಯರ ಗುಂಪು’ ಆ ಒಲೆಯಾಯಿತು. ಶಂ. ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ಎನ್ಕೆ ಅವರಂಥವರು ಅದರಲ್ಲಿದ್ದರು. ವಯಸ್ಸಿನಲ್ಲಿ ಕಿರಿಯರಾದ ವಿ. ಕೃ. ಗೋಕಾಕ, ರಂ. ಶ್ರೀ. ಮುಗಳಿ ಅವರೂ ಸೇರಿಕೊಂಡರು. ಬೇಂದ್ರೆಯವರು ಆಗ ಶಾಲಾ ಮಾಸ್ತರರು. ಬರೆದದ್ದನ್ನು ಗೆಳೆಯರ ನಡುವೆ ಓದುವುದು, ಹಾಡುವುದು, ಟೀಕೆ ಕೇಳುವುದು ಆ ಗುಂಪಿನ ಜೀವಾಳ. ಮುಂದೆ ಬೇಂದ್ರೆಯವರಿಗೂ ಗೋಕಾಕರಿಗೂ ಜ್ಞಾನಪೀಠ ಬಂದಿತು. ಒಂದು ಚಿಕ್ಕ ಗುಂಪಿನಿಂದ ಎರಡು ಜ್ಞಾನಪೀಠ, ಒಬ್ಬ ಸಂಸ್ಕೃತಿ ಸಂಶೋಧಕ, ಒಬ್ಬ ಸಾಹಿತ್ಯ ಚರಿತ್ರಕಾರ! ಹೆಚ್ಚು ಕಡಿಮೆ ಅದೇ ಕಾಲಕ್ಕೆ, 1923ರಲ್ಲಿ, ಪುಣೆಯಲ್ಲಿ ಮಾಧವ ಜೂಲಿಯನ್, ಯಶವಂತ, ಗಿರೀಶ ಮೊದಲಾದ ಮರಾಠಿ ಕವಿಗಳು ‘ರವಿಕಿರಣ ಮಂಡಳ’ ಕಟ್ಟಿದರು. ಅದೂ ಏಳೆಂಟು ಜನರದೇ. ಚಹದ ಜೊತೆಗೆ ಕವಿತೆ ಓದಿಕೊಳ್ಳುತ್ತಿದ್ದ ಆ ಕೂಟ ಮರಾಠಿ ಕಾವ್ಯದ ದಾರಿಯನ್ನೇ ತಿರುಗಿಸಿತು. ಎರಡು ಭಾಷೆಗಳ ನಡುವೆ ಬದುಕುವ ನಮಗೆ ಈ ಎರಡೂ ಉದಾಹರಣೆಗಳು ಮನೆಯವೇ.

ಧಾರವಾಡ, ಪುಣೆಗಳು ಕಾಲೇಜುಗಳ ಊರು, ಅಲ್ಲಿ ಇದು ಸಾಧ್ಯ, ಹಳ್ಳಿಗಾಡಿನಲ್ಲಿ ಹೇಗೆ ಎಂದು ಕೇಳುವವರಿಗೆ ಹಲಸಂಗಿ ಉತ್ತರ ಕೊಡುತ್ತದೆ. ಭೀಮೆಯ ಆಚೆ ದಂಡೆಯ ಸೀಮೆ ಅದು. ಆ ಕಾಲದ ಇಂಡಿ ತಾಲೂಕಿನ ಒಂದು ಬಿಳಿಜೋಳದ ಹಳ್ಳಿ. ಅಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ನಾಲ್ವರು ಗೆಳೆಯರು ಕೂಡಿದರು. ಚೆನ್ನಮಲ್ಲಪ್ಪ ಗಲಗಲಿ ಎಂಬ ಹೆಸರಿನ ಮಧುರಚೆನ್ನರು ಹುಟ್ಟಿದ್ದು 1903ರಲ್ಲಿ, ತೀರಿಕೊಂಡದ್ದು 1953ರಲ್ಲಿ. ಕಾಲೇಜಿನ ಮೆಟ್ಟಿಲು ಹತ್ತದೆಯೇ ಅವರು ಇಂಗ್ಲಿಷು ಕಲಿತರು, ಶಾಸನಗಳನ್ನು ಓದಿದರು, ಅರವಿಂದರ ದರ್ಶನದಲ್ಲಿ ಮುಳುಗಿದರು. ಸಿಂಪಿ ಲಿಂಗಣ್ಣನವರು ನಮ್ಮ ಹಾಗೆ ಶಾಲಾ ಶಿಕ್ಷಕರು. ಅವರೇ ಮುಂದೆ ಕೊಪ್ಪಳದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ನಾಲ್ವರ ಮನೆತನಗಳು ಬೇರೆ, ಒಬ್ಬರ ಧರ್ಮವೂ ಬೇರೆ. ಕೂಡಿಸಿದ್ದು ಓದು ಮತ್ತು ಸ್ನೇಹ.

ಇವರು ಮಾಡಿದ ಕೆಲಸವನ್ನು ಕನ್ನಡ ಲೋಕ ಬಲ್ಲದು. ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ ಅವು ‘ಗರತಿಯ ಹಾಡು’ ಎಂಬ ಪುಸ್ತಕವಾಗಿ ಬಂದವು. ಇಂಗ್ಲಿಷ್ ಗೀತೆಗಳನ್ನು ಕನ್ನಡಕ್ಕೆ ತಂದು ಹೊಸ ಕಾವ್ಯಕ್ಕೆ ದಾರಿ ತೆರೆದ ಬಿ. ಎಂ. ಶ್ರೀಕಂಠಯ್ಯನವರೇ ಅದಕ್ಕೆ ಮುನ್ನುಡಿ ಬರೆದರು. ಅನಂತರ 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಪ್ರಕಟವಾದವು. ಜಾನಪದ ಎಂಬುದು ವಿಶ್ವವಿದ್ಯಾಲಯಗಳಲ್ಲಿ ಒಂದು ವಿಷಯವಾಗುವುದಕ್ಕೆ ಬಹಳ ಮೊದಲೇ, ಅನುದಾನವಿಲ್ಲದೆ, ಪದವಿಗಳಿಲ್ಲದೆ, ಒಂದು ಹಳ್ಳಿಯ ಗೆಳೆಯರು ಈ ಕೆಲಸ ಮಾಡಿ ಮುಗಿಸಿದರು.

ಇದು ಹೇಗೆ ಸಾಧ್ಯವಾಯಿತು ಎಂದು ನಾವು ಬಹಳ ಸಲ ಯೋಚಿಸಿದ್ದೇವೆ. ತವರಿನ ಹಂಬಲವನ್ನೋ, ಅತ್ತೆಯ ಕಾಟವನ್ನೋ, ಸತ್ತ ಕೂಸಿನ ನೆನಪನ್ನೋ ಬೀಸುಕಲ್ಲಿನ ಮುಂದೆ ಹಾಡಿಕೊಳ್ಳುವ ಹೆಣ್ಣುಮಗಳು ವೇದಿಕೆಯ ಮೇಲೆ ಬಂದು ಹಾಡಲಾರಳು. ಅಕ್ಕ, ಅವ್ವ, ಅತ್ತಿಗೆ ಎಂದು ಕರೆದು ಪಡಸಾಲೆಯಲ್ಲಿ ಕೂತು ಕೇಳುವವರಿಗೆ ಮಾತ್ರ ಆ ಹಾಡು ದೊರೆಯುತ್ತದೆ. ಹಾಡು ದೊರೆತ ಮೇಲೆ ಈ ಪಾಠ ಸರಿಯೋ ಆ ಪಾಠ ಸರಿಯೋ, ಈ ಶಬ್ದಕ್ಕೆ ನಮ್ಮ ಓಣಿಯಲ್ಲಿ ಏನರ್ಥ ಎಂದು ತಕರಾರು ಮಾಡುವ ಗೆಳೆಯರು ಬೇಕು. ಒಬ್ಬನೇ ಮಾಡಿದರೆ ಅದು ಹವ್ಯಾಸವಾಗಿ ನಿಲ್ಲುತ್ತದೆ, ಇನ್ನೂರು ಜನ ಕೂಡಿದರೆ ಠರಾವು ಪಾಸಾಗುತ್ತದೆ. ನಾಲ್ವರು ಕೂಡಿದ್ದರಿಂದ ಪುಸ್ತಕವಾಯಿತು.

ಚಿಕ್ಕ ಕೂಟ ಚಿಕ್ಕದಾಗಿಯೇ ಉಳಿಯಬೇಕು ಎಂಬ ತತ್ತ್ವವನ್ನು ಬಹಳ ಸ್ಪಷ್ಟವಾಗಿ ಕಂಡವರಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಒಬ್ಬರು. ಬಿ.ಎಡ್. ಓದುವ ಕಾಲದಲ್ಲಿ ಅವರ ಆತ್ಮಕಥೆ ನಮ್ಮ ಕೈಗೆ ಬಂದಿತ್ತು. 1727ರಲ್ಲಿ, ಇಪ್ಪತ್ತೊಂದು ವರ್ಷದ ಮುದ್ರಣಕಾರನಾಗಿದ್ದಾಗ, ಫಿಲಡೆಲ್ಫಿಯಾ ನಗರದಲ್ಲಿ ಅವರು ‘ಜಂಟೊ’ ಎಂಬ ಚರ್ಚಾಕೂಟ ಕಟ್ಟಿದರು. ಪ್ರತಿ ಶುಕ್ರವಾರ ಸಂಜೆ ಸೇರುವುದು, ಸರದಿಯ ಪ್ರಕಾರ ಒಬ್ಬೊಬ್ಬರು ಪ್ರಶ್ನೆಯೊಂದನ್ನು ಚರ್ಚೆಗೆ ಇಡುವುದು, ಮೂರು ತಿಂಗಳಿಗೊಮ್ಮೆ ತಾವೇ ಬರೆದ ಪ್ರಬಂಧ ಓದುವುದು. ಹಟದಿಂದ ಸಾಧಿಸುವವರಿಗೆ, ಮುಖಕ್ಕೆ ಹೊಡೆದಂತೆ ಅಲ್ಲಗಳೆಯುವವರಿಗೆ ಸಣ್ಣ ದಂಡ. ಕೂಟದ ಮಿತಿ ಹನ್ನೆರಡು ಜನ. ಅವರು ಪುಸ್ತಕಗಳನ್ನು ಒಟ್ಟುಗೂಡಿಸಿ ಓದಿದ ಅನುಭವವೇ 1731ರಲ್ಲಿ ಚಂದಾದಾರರ ಗ್ರಂಥಾಲಯವೊಂದಕ್ಕೆ ದಾರಿಯಾಯಿತು. ಕೂಟದ ಕೀರ್ತಿ ಹೆಚ್ಚಿದಾಗ ಕೆಲವರು ತಮ್ಮ ಸ್ನೇಹಿತರನ್ನೂ ಸೇರಿಸಿಕೊಳ್ಳೋಣವೆಂದರು. ಫ್ರಾಂಕ್ಲಿನ್ ಒಪ್ಪಲಿಲ್ಲ. ಬದಲಿಗೆ, ಪ್ರತಿಯೊಬ್ಬ ಸದಸ್ಯನೂ ತಾನೇ ಬೇರೊಂದು ಚಿಕ್ಕ ಕೂಟ ಕಟ್ಟಲಿ ಎಂದು ಸೂಚಿಸಿದರು. ಎಲ್ಲರಿಂದಲೂ ಅದು ಆಗಲಿಲ್ಲ, ಆದರೂ ಐದಾರು ಹೊಸ ಕೂಟಗಳು ಹುಟ್ಟಿದವು. ಬೆಳೆಯುವ ಬಗೆ ಎರಡು ಉಂಟು. ಕುಂಬಳಕಾಯಿಯ ಹಾಗೆ ಒಂದೇ ಕಾಯಿ ಉಬ್ಬುವುದು ಒಂದು ಬಗೆ, ಬಾಳೆಯ ಹಾಗೆ ಬುಡದಲ್ಲಿ ಮರಿ ಒಡೆಯುವುದು ಇನ್ನೊಂದು. ಕೂಟಗಳಿಗೆ ತಕ್ಕದ್ದು ಬಾಳೆಯ ಬಗೆ.

ಈ ಪುಸ್ತಕವನ್ನು ಓದಿದ್ದ ನಾವು ಅದರಂತೆ ನಡೆಯಲಿಲ್ಲ ಎಂಬುದನ್ನು ಇಲ್ಲಿ ಹೇಳಿಕೊಳ್ಳಬೇಕು. ನಾವು ಸಹಶಿಕ್ಷಕರಾಗಿದ್ದ ದಿನಗಳಲ್ಲಿ, ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯಲ್ಲಿ, ಶಾಲೆ ಬಿಟ್ಟ ಮೇಲೆ ಒಂದು ಕೋಣೆಯಲ್ಲಿ ‘ಗುರುವಾರದ ಓದು’ ನಡೆಯುತ್ತಿತ್ತು. ಒಂಬತ್ತು ಜನ. ಇಬ್ಬರು ಶಿಕ್ಷಕರು, ಅಂಚೆಯಣ್ಣ, ಕಿರಾಣಿ ಅಂಗಡಿಯವರು, ಮೂವರು ರೈತರು, ಒಬ್ಬ ನೇಕಾರ, ಮಠದ ಒಬ್ಬ ಸ್ವಾಮಿಗಳು. ಒಂದು ವಾರ ವಚನ, ಒಂದು ವಾರ ಕತೆ, ಒಂದು ವಾರ ದಿನಪತ್ರಿಕೆಯ ಒಂದು ಸುದ್ದಿ. ಅಂಗಡಿಯವರು ಶಾಲೆ ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ಆದರೆ ಸಿದ್ಧರಾಮರ ವಚನಗಳ ಬಗ್ಗೆ ಅವರು ಕೇಳುತ್ತಿದ್ದ ಪ್ರಶ್ನೆಗಳಿಗೆ ಉತ್ತರ ಹುಡುಕಲು ನಾವು ರಾತ್ರಿ ದೀಪ ಹಚ್ಚಿ ಓದಬೇಕಾಗುತ್ತಿತ್ತು. ಯಾರಾದರೂ ಒಂದು ವಾರ ಬರದಿದ್ದರೆ ಮರುದಿನ ಅವರ ಮನೆಗೆ ಹೋಗಿ ವಿಚಾರಿಸುವ ರೂಢಿಯಿತ್ತು. ಹತ್ತು ವರ್ಷ ಅದು ಹೀಗೆ ನಡೆಯಿತು.

ಆಮೇಲೆ ನಮಗೆ ಉತ್ಸಾಹ ಹೆಚ್ಚಾಯಿತು. ಇಷ್ಟು ಒಳ್ಳೆಯ ಕೆಲಸ ಒಂಬತ್ತೇ ಜನರಿಗೆ ಏಕೆ ಎಂದುಕೊಂಡು ಸಂಘವನ್ನು ನೋಂದಾಯಿಸಿದೆವು. ನಾವೇ ಕಾರ್ಯದರ್ಶಿಗಳು. ಮೊದಲ ವರ್ಷವೇ ನೂರಕ್ಕೆ ಮಿಕ್ಕಿ ಸದಸ್ಯರಾದರು. ವಾರ್ಷಿಕೋತ್ಸವಕ್ಕೆ ದೂರದ ಅತಿಥಿಗಳು ಬಂದರು, ಮಂಟಪ ಬಿತ್ತು, ಧ್ವನಿವರ್ಧಕ ಕೂಗಿತು. ಗುರುವಾರದ ಕೋಣೆಯಲ್ಲಿ ಈಗ ಪದಾಧಿಕಾರಿಗಳ ಸಭೆ ನಡೆಯತೊಡಗಿತು. ಅಂಗಡಿಯವರು ಹಿಂದಿನ ಸಾಲಿನಲ್ಲಿ ಕೂತರು, ಆಮೇಲೆ ಬರುವುದನ್ನು ಬಿಟ್ಟರು. ಮೂರು ವರ್ಷಗಳಲ್ಲಿ ಓದು ನಿಂತಿತು. ಈಚೆಗೆ ಹಳೆಯ ಲೆಕ್ಕದ ಪುಸ್ತಕ ತೆರೆದು ನೋಡಿದೆವು. ಶಾಲು, ಹಾರ, ಊಟ, ಮಂಟಪದ ಬಾಡಿಗೆಗಳ ಬಾಬು ಪುಟಗಟ್ಟಲೆ ಇತ್ತು, ಪುಸ್ತಕ ಖರೀದಿಯ ಬಾಬು ಒಂದೇ ಒಂದು ಸಾಲು. ಆ ಸಾಲನ್ನು ಬರೆದದ್ದು ನಮ್ಮದೇ ಅಕ್ಷರ. ಸರಕಾರವಾಗಲಿ ಬೇರೆ ಭಾಷೆಯವರಾಗಲಿ ಆ ಕೂಟವನ್ನು ಮುಚ್ಚಲಿಲ್ಲ. ಕನ್ನಡದ ಅಭಿಮಾನದಿಂದಲೇ ನಾವು ಅದನ್ನು ಮುಚ್ಚಿದೆವು.

ಕೂಟ ಮತ್ತೆ ಹುಟ್ಟಿದ್ದು ನಾವು ಎಣಿಸದ ಜಾಗದಲ್ಲಿ. ನಿವೃತ್ತಿಯಾಗಿ ಹಲವು ವರ್ಷಗಳ ಮೇಲೆ ಹಳೆಯ ವಿದ್ಯಾರ್ಥಿಗಳು ನಮ್ಮ ಮೊಬೈಲಿನಲ್ಲಿ ಎರಡು ವಾಟ್ಸಾಪ್ ಗುಂಪುಗಳಿಗೆ ನಮ್ಮನ್ನು ಸೇರಿಸಿದರು. ಒಂದರಲ್ಲಿ ಐನೂರಕ್ಕೂ ಹೆಚ್ಚು ಜನ. ಬೆಳಗಾದರೆ ಶುಭೋದಯದ ಹೂವಿನ ಚಿತ್ರ, ಹಬ್ಬ ಬಂದರೆ ಶುಭಾಶಯದ ಮಳೆ, ಚುನಾವಣೆ ಬಂದರೆ ಜಗಳ. ಇನ್ನೊಂದರಲ್ಲಿ ಹದಿನಾಲ್ಕು ಜನ. ಪುಣೆ, ಮುಂಬಯಿ, ಕಲಬುರಗಿ, ಸೊಲ್ಲಾಪುರಗಳಲ್ಲಿ ಹರಡಿಕೊಂಡಿರುವ ನಮ್ಮ ಶಾಲೆಯ ಮಕ್ಕಳು. ಶನಿವಾರ ರಾತ್ರಿ ಒಬ್ಬರು ಒಂದು ವಚನವನ್ನೋ ಪದವನ್ನೋ ಹಾಕುತ್ತಾರೆ, ಭಾನುವಾರದವರೆಗೆ ಅದರ ಮೇಲೆ ಮಾತು. ಮೊದಮೊದಲು ನಾವು ಇದನ್ನು ಮಕ್ಕಳಾಟವೆಂದೇ ತಿಳಿದೆವು.

ಒಂದು ಶನಿವಾರ ‘ಮೇಟಿ’ ಎಂಬ ಶಬ್ದ ಚರ್ಚೆಗೆ ಬಂತು. ಅದು ಅಡ್ಡಹೆಸರಲ್ಲವೇ ಎಂದು ಒಬ್ಬ ಕೇಳಿದ. ಮೇಟಿ ಎಂದರೆ ನೇಗಿಲ ಹಿಡಿ, ಆದ್ದರಿಂದ ಮೇಟಿ ವಿದ್ಯೆ ಎಂದರೆ ಒಕ್ಕಲುತನ ಎಂದು ನಾವು ತರಗತಿಯಲ್ಲಿ ಹೇಳಿದಂತೆಯೇ ಬರೆದೆವು. ಮೂವತ್ತು ವರ್ಷ ಕಲಿಸಿದ ಪಾಠ ಅದು. ಪುಣೆಯಲ್ಲಿ ಲಾರಿ ಓಡಿಸುವ ಶಿಷ್ಯನೊಬ್ಬ, ಎಂದೂ ಹೆಚ್ಚು ಮಾತಾಡದವನು, ಧ್ವನಿ ಕಳಿಸಿದ: “ಗುರುಗಳ, ತಪ್ಪು ತಿಳೀಬ್ಯಾಡ್ರಿ. ನಮ್ಮ ಅಜ್ಜ ಕಣದ ನಡುವ ಒಂದು ಕಂಬ ನೆಡತಿದ್ದ. ಅದಕ್ಕ ಮೇಟಿ ಅಂತಿದ್ರು. ಅದರ ಸುತ್ತ ಎತ್ತು ಹಂತಿ ತಿರಗತಿದ್ದವು.” ಕೂಡಲೇ ಇನ್ನೊಬ್ಬಳಿಗೆ ತನ್ನ ಊರಿನ ಕಣ ನೆನಪಾಯಿತು, ಮತ್ತೊಬ್ಬನಿಗೆ ಹಂತಿಯ ಪದದ ಧಾಟಿ. ನಿಘಂಟು ತೆಗೆದು ನೋಡಿದೆವು. ಎರಡೂ ಅರ್ಥಗಳಿದ್ದವು. ನಮಗೆ ಗೊತ್ತಿದ್ದುದು ಅರ್ಧ, ಉಳಿದರ್ಧ ಅವನ ಅಜ್ಜನ ಕಣದಲ್ಲಿತ್ತು. ಐನೂರು ಜನರ ಗುಂಪಿನಲ್ಲಿ ಆ ಹುಡುಗ ಗುರುಗಳನ್ನು ತಿದ್ದುವ ಧೈರ್ಯ ಮಾಡುತ್ತಿದ್ದನೇ? ಮಾಡಿದ್ದರೂ ಆ ಮಾತು ಹೂವಿನ ಚಿತ್ರಗಳ ಕೆಳಗೆ ಹೂತು ಹೋಗುತ್ತಿರಲಿಲ್ಲವೇ?

ಅದೇ ಗುಂಪಿನಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ. ಐದನೆಯ ಇಯತ್ತೆಯಿಂದ ಮರಾಠಿ ಮಾಧ್ಯಮದಲ್ಲಿ ಓದಿದವಳು. ಮಾತಾಡುವುದು ಅಚ್ಚ ಕನ್ನಡ, ಬರೆಯುವುದು ಬಾಲಬೋಧ ಲಿಪಿಯಲ್ಲಿ. ಇದನ್ನು ಯಾರೂ ಹಂಗಿಸಕೂಡದೆಂದು ಹುಡುಗರು ತಮ್ಮಲ್ಲೇ ನಿಯಮ ಮಾಡಿಕೊಂಡಿದ್ದರು. ಒಂದು ವರ್ಷದ ಮೇಲೆ ಆಕೆ ಮೊದಲ ಸಲ ಕನ್ನಡ ಲಿಪಿಯಲ್ಲಿ ನಾಲ್ಕು ಸಾಲು ಬರೆದಳು. ಒತ್ತಕ್ಷರಗಳು ತಪ್ಪಾಗಿದ್ದವು. ಕೆಂಪು ಶಾಯಿಯ ಅಭ್ಯಾಸವಿದ್ದ ನಮ್ಮ ಕೈ ಅಂದು ತಡೆಯಿತು. ತಪ್ಪು ಹೇಳಲಿಲ್ಲ, ಮುಂದಿನ ವಾರದ ಪದವನ್ನು ನೀನೇ ಹಾಕಮ್ಮ ಎಂದೆವು.

ಇಂಥ ಕೂಟಗಳು ದೂರವನ್ನು ಮೀರಿಯೂ ಗಟ್ಟಿ ಕೆಲಸ ಮಾಡಬಲ್ಲವು ಎಂಬುದಕ್ಕೆ ನಮ್ಮ ನಾಡಿನಲ್ಲಿಯೇ ಸಾಕ್ಷಿಯಿದೆ. ಅಂತರಜಾಲದ ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾದಾಗ ಅದರಲ್ಲಿ ಬರೆಯುತ್ತಿದ್ದವರು ಬೆರಳೆಣಿಕೆಯವರು. ತುಳು ಭಾಷೆಯ ವಿಕಿಪೀಡಿಯವಂತೂ ವರ್ಷಗಳ ಕಾಲ ಪೂರ್ವಸಿದ್ಧತೆಯ ಹಂತದಲ್ಲಿಯೇ ಇದ್ದು 2016ರಲ್ಲಿ ಪೂರ್ಣ ರೂಪಕ್ಕೆ ಬಂದಿತು. ರಾಜ್ಯವಿಲ್ಲದ, ಎಂಟನೆಯ ಪರಿಚ್ಛೇದದಲ್ಲಿ ಸ್ಥಾನವಿಲ್ಲದ ಭಾಷೆಯೊಂದಕ್ಕೆ ಕೆಲವೇ ಜನ ತಮ್ಮ ಬಿಡುವಿನ ವೇಳೆಯಲ್ಲಿ, ಒಬ್ಬರ ಬರಹವನ್ನು ಒಬ್ಬರು ತಿದ್ದುತ್ತಾ ವಿಶ್ವಕೋಶವನ್ನು ಕಟ್ಟಿದರು. ಹಲಸಂಗಿಯ ಪಡಸಾಲೆಗೂ ಇದಕ್ಕೂ ಉಪಕರಣದಲ್ಲಿ ವ್ಯತ್ಯಾಸವುಂಟು, ನಡೆಯಲ್ಲಿ ಇಲ್ಲ.

ಚಿಕ್ಕ ಕೂಟಗಳಿಗೆ ದೋಷವೇ ಇಲ್ಲವೆಂದು ನಾವು ಹೇಳುವುದಿಲ್ಲ. ಚಿಕ್ಕದು ಬೇಗ ಮುಚ್ಚಿಕೊಳ್ಳುತ್ತದೆ. ‘ಗರತಿಯ ಹಾಡು’ ಹೆಂಗಸರ ಹಾಡು, ಆದರೆ ಸಂಗ್ರಹಿಸಿದ ಬಳಗ ಗಂಡಸರದು. ಹಾಡಿದವರು ಚರ್ಚೆಯಲ್ಲಿ ಕೂಡಿದ್ದರೆ ಪುಸ್ತಕ ಇನ್ನೂ ಏನಾಗುತ್ತಿತ್ತೋ! ನಮ್ಮ ಗುರುವಾರದ ಒಂಬತ್ತು ಜನರಲ್ಲಿಯೂ ಒಬ್ಬ ಹೆಣ್ಣುಮಗಳಿರಲಿಲ್ಲ, ಕೇರಿಯವರೂ ಇರಲಿಲ್ಲ. ಆಗ ಅದು ನಮಗೆ ಕೊರತೆಯೆಂದು ಕಾಣಲೇ ಇಲ್ಲ. ಒಂದೇ ಬಗೆಯ ಜನ ಕೂಡಿದರೆ ಕೂಟ ಪರಸ್ಪರ ಹೊಗಳಿಕೆಯ ಕಟ್ಟೆಯಾಗುತ್ತದೆ. ಹಲಸಂಗಿಯ ನಾಲ್ವರಲ್ಲಿ ಒಬ್ಬರು ಧೂಲಾಸಾಹೇಬರಿದ್ದರೆಂಬುದು ಆಕಸ್ಮಿಕ ಅಲಂಕಾರವಲ್ಲ, ಆ ಕೂಟದ ಬಲವೇ ಅದು. ಹಾಗೆಯೇ ದೊಡ್ಡ ಸಂಸ್ಥೆಗಳು ಬೇಡವೆಂಬುದೂ ನಮ್ಮ ಮಾತಲ್ಲ. ಶಾಲೆಗಳಿಗೆ ಕನ್ನಡ ಶಿಕ್ಷಕರು ಬೇಕೆಂದು, ಪಠ್ಯಪುಸ್ತಕ ಸಕಾಲಕ್ಕೆ ಬರಬೇಕೆಂದು ಸರಕಾರದ ಬಾಗಿಲು ತಟ್ಟಲು ಸಾವಿರ ಕೈಗಳು ಬೇಕು. ಆ ಕೈಗಳನ್ನು ಕೂಡಿಸುವುದು ಇಂಥ ಸಮಾವೇಶಗಳೇ. ಆದರೆ ಬಾಗಿಲು ತೆರೆದು ಪುಸ್ತಕ ಬಂದ ಮೇಲೆ ಅದನ್ನು ಕೂಡಿ ಓದುವವರು ಬೇಕಲ್ಲ?

ಆದ್ದರಿಂದ ಈ ಸಮಾವೇಶದ ಸಂಘಟಕರಲ್ಲಿ ನಮ್ಮ ವಿನಂತಿ ಒಂದೇ. ಬಂದ ನಾವೆಲ್ಲರೂ ಊರಿಗೆ ಹಿಂದಿರುಗುವ ಮೊದಲು ತಾಲೂಕಿಗೆ ಹತ್ತರಂತೆ ಓದಿನ ಕೂಟಗಳ ಪಟ್ಟಿಯೊಂದನ್ನು ಮಾಡೋಣ. ಪ್ರತಿ ಕೂಟಕ್ಕೆ ಹನ್ನೆರಡಕ್ಕಿಂತ ಹೆಚ್ಚು ಜನ ಬೇಡ. ಹದಿಮೂರನೆಯವರು ಬಂದರೆ ಹೊಸ ಕೂಟ. ಕೋಣೆಯಲ್ಲಿ ಕೂಡುವವರು ಕೋಣೆಯಲ್ಲಿ, ದೂರವಿರುವವರು ಮೊಬೈಲಿನಲ್ಲಿ. ಹೆಣ್ಣುಮಕ್ಕಳು, ಎಲ್ಲ ಓಣಿಗಳವರು, ಬಾಲಬೋಧದಲ್ಲಿ ಕನ್ನಡ ಬರೆಯುವ ಮಕ್ಕಳು ಮೊದಲ ದಿನದಿಂದಲೇ ಇರಲಿ. ಅಧ್ಯಕ್ಷರು, ಕಾರ್ಯದರ್ಶಿಗಳು ಬೇಡ. ಬರದವರನ್ನು ಮರುದಿನ ವಿಚಾರಿಸುವ ಒಬ್ಬರಿದ್ದರೆ ಸಾಕು. ಶಾಲು ಹಾರಗಳ ಬಾಬಿನಲ್ಲಿ ಅರ್ಧವನ್ನು ಈ ಕೂಟಗಳ ಪುಸ್ತಕಗಳಿಗೆ ತಿರುಗಿಸೋಣ. ಈ ಲೇಖನಕ್ಕಾಗಿ ಸನ್ಮಾನದ ಯೋಚನೆಯೇನಾದರೂ ಇದ್ದರೆ ಆ ಹಣದಿಂದಲೇ ಮೊದಲ ಪುಸ್ತಕ ಬರಲಿ.

ಗುರುವಾರದ ಅಂಗಡಿಯವರು ಈಗಿಲ್ಲ. ಅವರ ಮೊಮ್ಮಗಳು ಸೊಲ್ಲಾಪುರದಲ್ಲಿ ಓದುತ್ತಿದ್ದಾಳೆ. ಹದಿನಾಲ್ಕು ಜನರ ಗುಂಪಿಗೆ ತನ್ನನ್ನೂ ಸೇರಿಸಿಕೊಳ್ಳಿರೆಂದು ಕಳೆದ ತಿಂಗಳು ನಮ್ಮನ್ನು ಕೇಳಿದಳು. ನಿನ್ನ ಗೆಳತಿಯರನ್ನು ಕೂಡಿಸಿಕೊಂಡು ನೀನೇ ಒಂದು ಗುಂಪು ಮಾಡು, ನಾವು ಅದಕ್ಕೆ ಸೇರುತ್ತೇವೆ ಎಂದು ಹೇಳಿದೆವು. ಈಗ ಅದರಲ್ಲಿ ಆರು ಜನರಿದ್ದೇವೆ. ಮೊದಲ ವಾರಕ್ಕೆ ಆಕೆ ಆರಿಸಿಕೊಂಡದ್ದು ಸಿದ್ಧರಾಮರ ಒಂದು ವಚನ.